ಕಾರಿನ ಎಲುಬು: ಪೈಪು ಆರಿಸುವುದು, ಬಗ್ಗಿಸುವುದು

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಫೋನ್ ಮಾಡಿದಾಗ, "ಶಾಲೆಯ ನೆನಪು ಹೇಳೋಕೆ ಬೇಕಾದಷ್ಟು ಜನ ಇದ್ದಾರೆ, ನೀವು ನಿಮ್ಮ ಕೆಲಸದ ಬಗ್ಗೆ ಮಾತಾಡಿ" ಅಂದರು. ನನಗೂ ಅದೇ ಸುಲಭ. ನನ್ನ ಕೆಲಸ ಕಬ್ಬಿಣದ ಪೈಪು ಕತ್ತರಿಸುವುದು, ಬಗ್ಗಿಸುವುದು, ಬೆಸೆಯುವುದು. ಸುಂಕದಕಟ್ಟೆ ಕಡೆ ಒಂದು ಶೆಡ್ ಇದೆ. ಗೇಟು, ಗ್ರಿಲ್ಲು, ಮೆಟ್ಟಿಲಿನ ರೇಲಿಂಗು, ಇವು ಹೊಟ್ಟೆಪಾಡಿನ ಕೆಲಸ. ಇದರ ಜೊತೆಗೆ ಎಷ್ಟೋ ವರ್ಷದಿಂದ ಇನ್ನೊಂದು ಕೆಲಸವೂ ಬರುತ್ತಿದೆ. ಇಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರು ತಾವೇ ಕಾರು ಕಟ್ಟುತ್ತಾರೆ. ಆ ಕಾರಿನ ಚಾಸಿಗೆ ಬೇಕಾದ ಪೈಪನ್ನು ಹೊತ್ತುಕೊಂಡು, ಜೊತೆಗೊಂದು ಲ್ಯಾಪ್‌ಟಾಪ್ ಹಿಡಿದುಕೊಂಡು ಬರುತ್ತಾರೆ. ಇವತ್ತು ಆ ಕೆಲಸದ ಬಗ್ಗೆ ಹೇಳುತ್ತೇನೆ. ಈ ಶಾಲೆಯ ಮಕ್ಕಳಲ್ಲಿ ನಾಳೆ ಯಾರಾದರೂ ಆ ಕಡೆಗೆ ಹೋಗಬಹುದು. ಹೋಗದಿದ್ದರೂ ಒಂದು ಗೋ-ಕಾರ್ಟ್ ಮಾಡೋಣ ಅಂತ ರಜದಲ್ಲಿ ಯಾವುದೋ ಶೆಡ್ಡಿನ ಮುಂದೆ ನಿಲ್ಲುವ ಹುಡುಗರಂತೂ ನಮ್ಮೂರಲ್ಲಿ ಕಮ್ಮಿ ಇಲ್ಲ.

ಮೊದಲು ಚಾಸಿ ಅಂದರೆ ಏನು ಅಂತ ನೋಡೋಣ. ಲಾರಿಯ ಕೆಳಗೆ ಬಗ್ಗಿ ನೋಡಿದರೆ ಉದ್ದಕ್ಕೆ ಎರಡು ದಪ್ಪ ತೊಲೆ, ಅಡ್ಡಕ್ಕೆ ನಾಲ್ಕೈದು ಪಟ್ಟಿ ಕಾಣುತ್ತವೆ. ಏಣಿಯನ್ನು ಮಲಗಿಸಿದ ಹಾಗೆ. ಹಳೆಯ ಜೀಪೂ ಹಾಗೆಯೇ. ಮಾರುತಿ 800ರಲ್ಲಿ ಅಂಥ ಏಣಿ ಇಲ್ಲ, ಅದರ ತಗಡಿನ ಮೈಯೇ ಭಾರ ಹೊರುತ್ತದೆ. ಆ ತಗಡನ್ನು ಒತ್ತಿ ಆಕಾರ ಕೊಡಲು ದೊಡ್ಡ ಪ್ರೆಸ್ಸು ಬೇಕು, ಡೈ ಬೇಕು, ಕೋಟಿಗಟ್ಟಲೆ ಹಣ ಬೇಕು. ಮನೆಯಲ್ಲಿ, ಶಾಲೆಯಲ್ಲಿ, ಸಣ್ಣ ಶೆಡ್ಡಿನಲ್ಲಿ ಕಾರು ಕಟ್ಟುವವರಿಗೆ ಉಳಿದಿರುವುದು ಮೂರನೆಯ ದಾರಿ. ಸಣ್ಣ ಸಣ್ಣ ಉಕ್ಕಿನ ಪೈಪುಗಳನ್ನು ತ್ರಿಕೋನ ತ್ರಿಕೋನವಾಗಿ ಜೋಡಿಸಿ ಒಂದು ಪಂಜರ ಕಟ್ಟುವುದು. ಇದಕ್ಕೆ ಸ್ಪೇಸ್ ಫ್ರೇಮ್ ಅನ್ನುತ್ತಾರೆ.

ಇದೇನು ಬಡವರ ದಾರಿ ಅಂತ ಅಂದುಕೊಳ್ಳಬೇಡಿ. 1957ರಲ್ಲಿ ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ ಲೋಟಸ್ ಸೆವೆನ್ ಎಂಬ ಕಾರನ್ನು ಹೀಗೆಯೇ ಕಟ್ಟಿದರು. ಅದೇ ಮಾದರಿ ಹಿಡಿದು ರಾನ್ ಚಾಂಪಿಯನ್ ಎಂಬುವರು 1996ರಲ್ಲಿ, 250 ಪೌಂಡಿನಲ್ಲಿ ಸ್ವಂತ ಸ್ಪೋರ್ಟ್ಸ್ ಕಾರು ಕಟ್ಟುವುದು ಹೇಗೆ ಅಂತ ಒಂದು ಪುಸ್ತಕ ಬರೆದರು. ಇವರು ಔಂಡಲ್ ಎಂಬ ಊರಿನ ಶಾಲೆಯಲ್ಲಿ ಮಕ್ಕಳಿಗೆ ವರ್ಕ್‌ಶಾಪ್ ಕೆಲಸ ಕಲಿಸುತ್ತಿದ್ದ ಮೇಷ್ಟ್ರು. ಒಂದು ಇಂಚಿನ ಚೌಕಾಕಾರದ, 16 ಗೇಜಿನ ಸಾಮಾನ್ಯ ಉಕ್ಕಿನ ಪೈಪು, ಹಳೆಯ ಫೋರ್ಡ್ ಕಾರಿನ ಇಂಜಿನ್ನು, ಆಕ್ಸಲ್ಲು, ಅಷ್ಟೇ ಸಾಮಾನು. ಆ ಪುಸ್ತಕ ನೋಡಿಕೊಂಡು ಪ್ರಪಂಚದ ಎಷ್ಟೋ ದೇಶಗಳಲ್ಲಿ ಜನ ಕಾರು ಕಟ್ಟಿದರು. ನಮ್ಮ ಪಕ್ಕದ ಕೊಯಮತ್ತೂರಿನಲ್ಲಿ ಎಸ್. ಕರಿವರ್ಧನ್ ಅವರು ಮಾರುತಿ ಇಂಜಿನ್ನು ಕೂರಿಸಿ ಒಂಟಿ ಸೀಟಿನ ರೇಸ್ ಕಾರುಗಳನ್ನು ಕಟ್ಟಿದರು. ಇವತ್ತು ಅಲ್ಲಿನ ರೇಸ್ ಟ್ರ್ಯಾಕಿಗೆ ಅವರ ಹೆಸರೇ ಇದೆ. ಇನ್ನು ನಮ್ಮ ಬೆಂಗಳೂರಿನದೇ ಬೇಕು ಅಂದರೆ, 2001ರಲ್ಲಿ ರಸ್ತೆಗೆ ಬಂದ ರೇವಾ ವಿದ್ಯುತ್ ಕಾರು. ಬೊಮ್ಮಸಂದ್ರದಲ್ಲಿ ತಯಾರಾದ, ಆಟಿಕೆಯ ಹಾಗೆ ಕಾಣುತ್ತಿದ್ದ ಪುಟ್ಟ ಕಾರು. ನೆನಪಿದೆಯಲ್ಲ? ಅದರ ಹೊರಮೈ ಪ್ಲಾಸ್ಟಿಕ್ಕು, ಒಳಗೆ ಭಾರ ಹೊರುತ್ತಿದ್ದುದು ಉಕ್ಕಿನ ಸ್ಪೇಸ್ ಫ್ರೇಮು.

ಮೈಸೂರು ರಸ್ತೆಯ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಅಶ್ವ ರೇಸಿಂಗ್ ಅಂತ ವಿದ್ಯಾರ್ಥಿಗಳದೇ ಒಂದು ತಂಡ ಇದೆ. ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳಿಗೆ ಕಾರು ಕಟ್ಟಿ ಹೊರದೇಶಕ್ಕೂ ತೆಗೆದುಕೊಂಡು ಹೋದ ಮಕ್ಕಳು ಅವರು. ಮಧ್ಯಪ್ರದೇಶದ ಪೀತಂಪುರದಲ್ಲಿ 2007ರಿಂದ ಬಾಹಾ ಎಂಬ ಸ್ಪರ್ಧೆ ನಡೆಯುತ್ತಾ ಬಂದಿದೆ. ಅದು ಹಳ್ಳ ಕೊಳ್ಳ, ಮಣ್ಣುಗುಡ್ಡೆಗಳ ಮೇಲೆ ಓಡುವ ಗಾಡಿ. ಕರ್ನಾಟಕದ ಕಾಲೇಜುಗಳು ಅಲ್ಲಿಗೂ ಹೋಗುತ್ತವೆ. ಈ ಎರಡು ಸ್ಪರ್ಧೆಗಳ ನಿಯಮದ ಪುಸ್ತಕಗಳನ್ನು ಓದಿದರೆ ಪೈಪಿನ ವಿಷಯದಲ್ಲಿ ಒಬ್ಬ ಒಳ್ಳೆಯ ಮೇಸ್ತ್ರಿಯ ಹತ್ತಿರ ಹತ್ತು ವರ್ಷ ದುಡಿದಷ್ಟು ವಿದ್ಯೆ ಸಿಗುತ್ತದೆ. ನಾನು ಹೇಳುವ ಅಳತೆಗಳೆಲ್ಲ ಬಹುಮಟ್ಟಿಗೆ ಅಲ್ಲಿಂದ ಬಂದವು, ಮಿಕ್ಕದ್ದು ಕೈಯಿಂದ ಬಂದದ್ದು.

ಈಗ ಪೈಪಿಗೆ ಬರೋಣ.

ಗಟ್ಟಿ ಸರಳು ಬಿಟ್ಟು ಟೊಳ್ಳು ಪೈಪು ಯಾಕೆ? ಇದಕ್ಕೆ ಉತ್ತರ ನಮ್ಮ ಬಿದಿರಿನ ಏಣಿಯಲ್ಲೇ ಇದೆ. ಒಂದು ಕೋಲನ್ನು ಬಗ್ಗಿಸಿದಾಗ ಹೊರಗಿನ ಪದರ ಜಗ್ಗುತ್ತದೆ, ಒಳಗಿನ ಪದರ ಕುಗ್ಗುತ್ತದೆ, ನಟ್ಟನಡುವಿನ ಭಾಗ ಹೆಚ್ಚುಕಮ್ಮಿ ಸುಮ್ಮನೆ ಇರುತ್ತದೆ. ದುಡಿಯುವುದು ಅಂಚಿನಲ್ಲಿರುವ ಲೋಹ. ಹಾಗಾಗಿ ನಡುವಿನದನ್ನು ತೆಗೆದು ಅದೇ ತೂಕವನ್ನು ಅಂಚಿಗೆ ಹಾಕಿದರೆ ಬಲ ಬರುತ್ತದೆ. ಬಾಹಾ ನಿಯಮದಲ್ಲಿ ಚಾಲಕನ ಸುತ್ತಲಿನ ಮುಖ್ಯ ಪೈಪಿಗೆ ಒಂದು ಅಳತೆ ಕೊಟ್ಟಿದ್ದಾರೆ. ಹೊರವ್ಯಾಸ 25.4 ಮಿ.ಮೀ., ಅಂದರೆ ಒಂದು ಇಂಚು. ಗೋಡೆಯ ದಪ್ಪ 3.05 ಮಿ.ಮೀ. ಉಕ್ಕಿನಲ್ಲಿ ಕಾರ್ಬನ್ ನೂರಕ್ಕೆ 0.18 ಆದರೂ ಇರಬೇಕು. ಇದು ಮೀಟರಿಗೆ 1.68 ಕೆ.ಜಿ. ತೂಗುತ್ತದೆ. ಇದರ ಬದಲು ಒಂದೂಕಾಲು ಇಂಚಿನ, ಅಂದರೆ 31.75 ಮಿ.ಮೀ. ಪೈಪನ್ನು, ಗೋಡೆ 1.65 ಮಿ.ಮೀ. ಇರುವುದನ್ನು ತೆಗೆದುಕೊಳ್ಳಿ. ಅದು ಮೀಟರಿಗೆ 1.22 ಕೆ.ಜಿ. ಮಾತ್ರ. ಆದರೆ ಬಾಗದೆ ನಿಲ್ಲುವ ಬಿಗುವು ಮೊದಲನೆಯದಕ್ಕಿಂತ ಸುಮಾರು ನೂರಕ್ಕೆ ಮೂವತ್ತು ಜಾಸ್ತಿ. ತೂಕ ಕಾಲುಭಾಗಕ್ಕಿಂತ ಹೆಚ್ಚು ಕಮ್ಮಿ, ಬಿಗುವು ಜಾಸ್ತಿ.

ಹಾಗಾದರೆ ಇನ್ನೂ ದೊಡ್ಡ ವ್ಯಾಸ, ಇನ್ನೂ ತೆಳು ಗೋಡೆ ಅಂತ ಹೋಗುತ್ತಾ ಇರಬಹುದೇ? ಆಗುವುದಿಲ್ಲ. ಖಾಲಿ ಎಣ್ಣೆಡಬ್ಬವನ್ನು ಬೆರಳಿನಲ್ಲಿ ಒತ್ತಿ ನೋಡಿ. ಡಬ್ಬ ದಪ್ಪವಾಗಿದೆ, ಆದರೆ ಗೋಡೆ ಒಂದೇ ಜಾಗದಲ್ಲಿ ಒಳಗೆ ಹೋಗಿಬಿಡುತ್ತದೆ. ಪೈಪು ತೀರ ತೆಳುವಾದರೆ ಒಂದು ಕಲ್ಲು ತಾಗಿದರೆ ತಗ್ಗು ಬೀಳುತ್ತದೆ. ತಗ್ಗು ಬಿದ್ದ ಪೈಪು ಅಲ್ಲಿಯೇ ಮಡಚಿಕೊಳ್ಳುತ್ತದೆ. ಬೆಸೆಯುವಾಗ ತೂತು ಬೀಳುವುದೂ, ಬಗ್ಗಿಸುವಾಗ ಸುಕ್ಕಾಗುವುದೂ ತೆಳು ಪೈಪಿನಲ್ಲೇ ಹೆಚ್ಚು. ಆದ್ದರಿಂದಲೇ ನಿಯಮದವರು ಇದಕ್ಕಿಂತ ತೆಳು ಬೇಡ ಅಂತ ಒಂದು ಗೆರೆ ಎಳೆದಿರುವುದು.

ಇನ್ನು ಕೊಳ್ಳುವ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಅನಾಹುತ ಶುರುವಾಗುವುದು ಅಂಗಡಿಯಲ್ಲೇ.

ಅಂಗಡಿಗೆ ಹೋಗಿ "ಒಂದಿಂಚು ಪೈಪು ಕೊಡಿ" ಅಂದರೆ ಎರಡು ಬೇರೆ ಬೇರೆ ಸಾಮಾನು ಕೊಡಬಹುದು. ನೀರಿನ ಪೈಪಿನ ಲೆಕ್ಕದಲ್ಲಿ ಒಂದಿಂಚು ಅನ್ನುವುದು ಒಳಗಿನ ತೂತಿನ ಹೆಸರು. ಅದರ ಹೊರವ್ಯಾಸ 33.7 ಮಿ.ಮೀ. ಬರುತ್ತದೆ. ಕುರ್ಚಿ, ಮಂಚ ಮಾಡುವ ಪೈಪಿನ ಲೆಕ್ಕದಲ್ಲಿ ಒಂದಿಂಚು ಅಂದರೆ ಹೊರವ್ಯಾಸವೇ ಒಂದಿಂಚು. ನೀರಿನ ಪೈಪಿಗೆ ಐಎಸ್ 1239 ಎಂಬ ಮಾನಕ ಇದೆ. ಅದರಲ್ಲಿ ಹಳದಿ ಪಟ್ಟಿ ಬಳಿದದ್ದು ತೆಳು, ನೀಲಿ ಪಟ್ಟಿ ಮಧ್ಯಮ, ಕೆಂಪು ಪಟ್ಟಿ ದಪ್ಪ. ಆ ಪೈಪು ನೀರು ಸೋರದಂತೆ ಮಾಡಿದ್ದು. ಕಾರಿನ ಚಾಸಿಗೆ ಅಂತ ಮಾಡಿದ್ದಲ್ಲ. ವಾಹನಗಳಿಗೆ ಬೇಕಾದ ಉಕ್ಕಿನ ಟ್ಯೂಬಿಗೆ ಐಎಸ್ 3074 ಅಂತ ಬೇರೆಯ ಮಾನಕವೇ ಇದೆ. ಕೇಳಬೇಕಾದ್ದು ಅದನ್ನು. ಜಿಐ ಪೈಪಂತೂ, ಅಂದರೆ ಸತುವು ಬಳಿದ ಪೈಪು, ಬೇಡವೇ ಬೇಡ. ಬೆಸೆಯುವಾಗ ಸತುವು ಬಿಳಿಯ ಹೊಗೆಯಾಗಿ ಏಳುತ್ತದೆ. ಅದನ್ನು ಕುಡಿದವರಿಗೆ ಅವತ್ತು ರಾತ್ರಿ ಚಳಿಜ್ವರ ಗ್ಯಾರಂಟಿ. ಬೆಸುಗೆಯಲ್ಲೂ ಗುಳ್ಳೆ ಉಳಿದು ಗಟ್ಟಿತನ ಹೋಗುತ್ತದೆ.

ಪೈಪು ತಯಾರಾಗುವ ರೀತಿಯಲ್ಲೂ ವ್ಯತ್ಯಾಸ ಇದೆ. ತಗಡಿನ ಪಟ್ಟಿಯನ್ನು ಸುರುಳಿ ಮಾಡಿ ಅಂಚಿಗೆ ಅಂಚು ಕೂಡಿಸಿ ಕರೆಂಟಿನಿಂದ ಬೆಸೆದರೆ ಅದು ಇಆರ್‌ಡಬ್ಲ್ಯೂ. ಬೆರಳು ಒಳಗೆ ಹಾಕಿ ಸವರಿದರೆ ಉದ್ದಕ್ಕೂ ಒಂದು ಏಣು ಸಿಗುತ್ತದೆ. ಅದೇ ಪೈಪನ್ನು ತಣ್ಣಗಿರುವಾಗಲೇ ಡೈ ಮೂಲಕ ಎಳೆದು, ಅಳತೆಯನ್ನೂ ಒಳಮೈಯನ್ನೂ ನಯ ಮಾಡಿದರೆ ಅದು ಸಿಡಿಡಬ್ಲ್ಯೂ. ಬೆಸುಗೆಯೇ ಇಲ್ಲದ್ದು ಸೀಮ್‌ಲೆಸ್. ಸೀಮ್‌ಲೆಸ್ ಅಂದ ಕೂಡಲೇ ಎಲ್ಲಕ್ಕಿಂತ ಮೇಲು ಅಂತ ಹುಡುಗರು ತಿಳಿಯುತ್ತಾರೆ. ನನ್ನ ಅನುಭವದಲ್ಲಿ ಸಾಧಾರಣ ಸೀಮ್‌ಲೆಸ್ಸಿನ ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇರುವುದುಂಟು. ಒಳ್ಳೆಯ ಸಿಡಿಡಬ್ಲ್ಯೂ ಸುತ್ತಲೂ ಒಂದೇ ಸಮ ಇರುತ್ತದೆ, ಬಗ್ಗಿಸುವುದಕ್ಕೂ ಅದೇ ಮೇಲು. ಕ್ರೋಮಿಯಂ, ಮಾಲಿಬ್ಡಿನಂ ಸೇರಿದ 4130 ಎಂಬ ಮಿಶ್ರ ಉಕ್ಕೂ ಇದೆ. ಗಟ್ಟಿ ನಿಜ, ಆದರೆ ದುಬಾರಿ. ಅದಕ್ಕೆ ಆರ್ಗಾನ್ ವೆಲ್ಡಿಂಗ್ ಬಲ್ಲ ಕೈ ಬೇಕು, ಬೆಸೆದ ಮೇಲೆ ನೀರು ಸುರಿದು ತಣ್ಣಗೆ ಮಾಡುವ ಆತುರ ಇರಬಾರದು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಬಾಗದೆ ನಿಲ್ಲುವ ಬಿಗುವು ದುಬಾರಿ ಉಕ್ಕಿನಲ್ಲೂ ಸಾಧಾರಣ ಉಕ್ಕಿನಲ್ಲೂ ಹೆಚ್ಚುಕಮ್ಮಿ ಒಂದೇ. ಹೆಚ್ಚಾಗುವುದು ಶಾಶ್ವತವಾಗಿ ಬಾಗುವ ಮುಂಚೆ ಅದು ತಡೆಯುವ ಭಾರ ಮಾತ್ರ. ಮೊದಲ ಕಾರು ಕಟ್ಟುವವರಿಗೆ ನಾನು 4130 ಬೇಡ ಅಂತಲೇ ಹೇಳುತ್ತೇನೆ.

ಅಂಗಡಿಯವರ ಮಾತು, ಬಿಲ್ಲಿನ ಮೇಲಿನ ಬರಹ, ಇವೆರಡಕ್ಕಿಂತ ನಾನು ನಂಬುವುದು ತಕ್ಕಡಿಯನ್ನು. ಮಕ್ಕಳೇ, ಇದನ್ನು ಬರೆದುಕೊಳ್ಳಿ. ಹೊರವ್ಯಾಸದಲ್ಲಿ ಗೋಡೆಯ ದಪ್ಪವನ್ನು ಕಳೆಯಿರಿ. ಬಂದದ್ದನ್ನು ಗೋಡೆಯ ದಪ್ಪದಿಂದಲೇ ಗುಣಿಸಿ. ಮತ್ತೆ 0.02466ರಿಂದ ಗುಣಿಸಿ. ಅಳತೆ ಮಿ.ಮೀ.ನಲ್ಲಿದ್ದರೆ ಉತ್ತರ ಒಂದು ಮೀಟರಿಗೆ ಎಷ್ಟು ಕೆ.ಜಿ. ಅಂತ ಬರುತ್ತದೆ. ಈ ಸಂಖ್ಯೆ ಆಕಾಶದಿಂದ ಬಿದ್ದದ್ದಲ್ಲ, ಪೈ ಮತ್ತು ಉಕ್ಕಿನ ಸಾಂದ್ರತೆ 7.85, ಇವೆರಡನ್ನು ಗುಣಿಸಿ ಸಾವಿರದಿಂದ ಭಾಗಿಸಿದರೆ ಸಿಗುತ್ತದೆ. ಬೇಕಾದರೆ ಗಣಿತದ ಮೇಷ್ಟ್ರ ಹತ್ತಿರ ಸರಿನೋಡಿಸಿ.

ಒಮ್ಮೆ ಒಂದು ತಂಡ ಸ್ಪರ್ಧೆಗೆ ಮೂರು ವಾರ ಇರುವಾಗ ಪೈಪು ತಂದಿತ್ತು. ಅದರಲ್ಲಿದ್ದ ಒಬ್ಬ ಹುಡುಗಿ ಇದೇ ಶಾಲೆಯಲ್ಲಿ ಓದಿದವಳು. ಬಿಲ್ಲಿನಲ್ಲಿ 25.4, 3.05 ಅಂತಲೇ ಇತ್ತು. ಆರು ಮೀಟರಿನ ಒಂದು ಪೈಪು ಹತ್ತು ಕೆ.ಜಿ.ಯ ಮೇಲೆ ತುಸು ತೂಗಬೇಕು. ತಕ್ಕಡಿಗೆ ಹಾಕಿದರೆ 8 ಕೆ.ಜಿ. 800 ಗ್ರಾಂ. ಲೆಕ್ಕ ಹಾಕಿದರೆ ಗೋಡೆ 2.6 ಮಿ.ಮೀ. ಆಯಿತು. ತುದಿಯ ಮುಳ್ಳು ಉಜ್ಜಿ ವರ್ನಿಯರ್ ಇಟ್ಟರೂ ಅಷ್ಟೇ. ಮಕ್ಕಳ ಮುಖ ಬಾಡಿಹೋಯಿತು. ಚಂದಾ ಎತ್ತಿದ ದುಡ್ಡು. ಒಬ್ಬ ಹುಡುಗ ಕೇಳಿದ: "ಅಣ್ಣಾ, ಅರ್ಧ ಮಿಲಿಮೀಟರ್ ತಾನೇ? ಬಗ್ಗಿಸಿಕೊಡಿ, ಬಣ್ಣ ಹೊಡೆದ ಮೇಲೆ ಯಾರಿಗೆ ಗೊತ್ತಾಗುತ್ತೆ?" ನಾನು ಉತ್ತರ ಕೊಡುವ ಮುಂಚೆ ಆ ಹುಡುಗಿ ಹೇಳಿದಳು: "ಗಾಡಿ ಓಡಿಸೋಳು ನಾನು. ಆ ಪೈಪು ನನ್ನ ತಲೆ ಮೇಲೆ ಇರುತ್ತೆ." ಅಲ್ಲಿಗೆ ಮಾತು ಮುಗಿಯಿತು. ಪೈಪು ವಾಪಸ್ಸು ಹೋಯಿತು. ಅಂಗಡಿಯವನು ಮೊದಲು ಜಗಳ ತೆಗೆದ, ಆಮೇಲೆ ಲೆಕ್ಕದ ಚೀಟಿ ತೋರಿಸಿದಾಗ ಬದಲಿಸಿಕೊಟ್ಟ. ಎರಡನೇ ಸಲ ಪೈಪಿನ ಜೊತೆ ಕಾರ್ಖಾನೆಯ ಟೆಸ್ಟ್ ಸರ್ಟಿಫಿಕೇಟೂ ಬಂತು. ಒಂದು ತುಂಡು ಕತ್ತರಿಸಿ ಪೀಣ್ಯದ ಲ್ಯಾಬಿನಲ್ಲಿ ಸ್ಪೆಕ್ಟ್ರೋ ಪರೀಕ್ಷೆ ಮಾಡಿಸಿ ಕಾರ್ಬನ್ ಎಷ್ಟಿದೆ ಅಂತ ನೋಡಿಕೊಂಡೆವು. ಆಮೇಲೆಯೇ ಬೆಂಡರಿಗೆ ಹಾಕಿದ್ದು.

ಫಾರ್ಮುಲಾ ಸ್ಪರ್ಧೆಯಲ್ಲಂತೂ ಬಣ್ಣ ಹೊಡೆದು ಮುಚ್ಚಿಡುವ ಆಟ ನಡೆಯುವುದಿಲ್ಲ. ಚಾಲಕನ ತಲೆಯ ಹಿಂದಿನ ಕಮಾನು, ಮುಂದಿನ ಕಮಾನು, ಎರಡರಲ್ಲೂ 4.5 ಮಿ.ಮೀ. ತೂತು ಕೊರೆದಿರಬೇಕು. ಪರೀಕ್ಷಕರು ಅದರೊಳಗೆ ಅಳತೆಗೋಲು ಹಾಕಿ ಗೋಡೆಯ ದಪ್ಪ ನೋಡುತ್ತಾರೆ.

ಈಗ ಬಗ್ಗಿಸುವ ಮಾತು. ನಿಮಗೆ ಆಶ್ಚರ್ಯ ಆಗಬಹುದು, ಪೈಪು ಬಗ್ಗಿಸಿಯೇ ಅನ್ನ ತಿನ್ನುವ ನಾನು ಹುಡುಗರಿಗೆ ಮೊದಲು ಹೇಳುವುದು, ಆದಷ್ಟು ಬಗ್ಗಿಸಬೇಡಿ ಅಂತ. ನಾಲ್ಕು ಕಡ್ಡಿಗಳನ್ನು ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದ ಜೋಡಿಸಿ ಚೌಕ ಮಾಡಿ. ಒಂದು ಮೂಲೆ ತಳ್ಳಿದರೆ ವಾಲಿಬಿಡುತ್ತದೆ. ಮೂರು ಕಡ್ಡಿಯ ತ್ರಿಕೋನ ಮಾಡಿ, ಎಷ್ಟು ತಳ್ಳಿದರೂ ಆಕಾರ ಬಿಡುವುದಿಲ್ಲ. ಸೈಕಲ್ ಫ್ರೇಮು ಇಷ್ಟು ವರ್ಷವಾದರೂ ಬದಲಾಗದಿರುವುದು ಇದೇ ಕಾರಣಕ್ಕೆ. ತ್ರಿಕೋನದಲ್ಲಿ ಪ್ರತಿ ಪೈಪಿನ ಕೆಲಸ ಎಳೆತ ತಡೆಯುವುದು ಇಲ್ಲವೇ ಒತ್ತು ತಡೆಯುವುದು, ಅಷ್ಟೇ. ಅದಕ್ಕೆ ಪೈಪು ನೇರವಾಗಿರಬೇಕು. ನಡುವೆ ಬಾಗಿದ್ದರೆ ಎಳೆದಾಗ ನೇರವಾಗಲು ನೋಡುತ್ತದೆ, ಒತ್ತಿದಾಗ ಇನ್ನಷ್ಟು ಬಾಗಲು ನೋಡುತ್ತದೆ. ಆದ್ದರಿಂದ ಬಾಗು ಬೇಕಾದ್ದು ಮನುಷ್ಯನ ದೇಹ ತೂರಬೇಕಾದ ಕಡೆ ಮಾತ್ರ, ಅಂದರೆ ತಲೆಯ ಮೇಲಿನ ಕಮಾನಿನಲ್ಲಿ. ಆ ಕಮಾನು ತುಂಡು ತುಂಡು ಸೇರಿಸಿದ್ದಾಗಿರಬಾರದು, ಒಂದೇ ಪೈಪಿನದಾಗಿರಬೇಕು. ಚಂದಕ್ಕೆ ಅಂತ ಸೊಂಡಿಲಿನ ಹಾಗೆ ಅಲ್ಲಲ್ಲಿ ಬಗ್ಗಿಸುವ ಚಾಸಿಗಳನ್ನು ನೋಡಿದ್ದೇನೆ. ಅವು ಫೋಟೋಗೆ ಚೆನ್ನ. ಹಾಗೆಯೇ ಚಕ್ರದ ಭಾರ ಬಂದು ಬೀಳುವ ಜಾಗ ಪೈಪುಗಳು ಕೂಡುವ ಗಂಟಿನಲ್ಲೇ ಇರಬೇಕು, ಪೈಪಿನ ನಡುಮಧ್ಯೆ ಅಲ್ಲ.

ಬಗ್ಗಿಸುವಾಗ ಪೈಪಿಗೆ ಏನಾಗುತ್ತದೆ? ಒಂದು ಇಂಚಿನ ಪೈಪನ್ನು ಅದರ ವ್ಯಾಸದ ಮೂರರಷ್ಟು ತ್ರಿಜ್ಯದಲ್ಲಿ, ಅಂದರೆ 76 ಮಿ.ಮೀ. ತ್ರಿಜ್ಯದಲ್ಲಿ, 90 ಡಿಗ್ರಿ ಬಗ್ಗಿಸಿದಿರಿ ಅಂತ ಇಟ್ಟುಕೊಳ್ಳಿ. ನಡುಗೆರೆಯ ಉದ್ದ 120 ಮಿ.ಮೀ. ಹೊರ ಅಂಚು 140 ಆಗಿ ಜಗ್ಗಿರುತ್ತದೆ, ಒಳ ಅಂಚು 100 ಆಗಿ ಕುಗ್ಗಿರುತ್ತದೆ. ಹೊರಗೋಡೆ ತೆಳುವಾಗುತ್ತದೆ, ಒಳಗೋಡೆ ದಪ್ಪವಾಗುತ್ತದೆ ಅಥವಾ ಸುಕ್ಕಾಗುತ್ತದೆ. ದುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಇದಕ್ಕಿಂತ ಬಿಗಿಯಾಗಿ ಬಗ್ಗಿಸಿದರೆ ಲೋಹ ತಡೆಯುವುದು ಕಷ್ಟ. ಫಾರ್ಮುಲಾ ನಿಯಮದವರು ನಡುಗೆರೆಯ ತ್ರಿಜ್ಯ ವ್ಯಾಸದ ಮೂರರಷ್ಟಾದರೂ ಇರಲಿ ಅಂದಿರುವುದು ಸುಮ್ಮನೆ ಅಲ್ಲ. ನಾನು ಜಾಗ ಇದ್ದರೆ ನಾಲ್ಕರಷ್ಟು ಇಡುತ್ತೇನೆ. ಇಆರ್‌ಡಬ್ಲ್ಯೂ ಪೈಪಾದರೆ ಬೆಸುಗೆಯ ಏಣು ಹೊರಗೂ ಬರಬಾರದು, ಒಳಗೂ ಬರಬಾರದು, ಜಗ್ಗದ ಕುಗ್ಗದ ಪಕ್ಕದ ಗೆರೆಯಲ್ಲಿ ಕೂರಬೇಕು. ಬಗ್ಗಿಸುವ ಮುಂಚೆ ಸೀಮೆಸುಣ್ಣದಲ್ಲಿ ಏಣಿನ ಗುರುತು ಹಾಕಿಕೊಂಡರೆ ಆಯಿತು.

ಯಂತ್ರಗಳಲ್ಲಿ ಎರಡು ಬಗೆ. ಪ್ಲಂಬರುಗಳ ಹತ್ತಿರ ಇರುವ ಜಾಕ್ ಬೆಂಡರಿನಲ್ಲಿ ಎರಡು ಕಡೆ ಪೈಪು ಆನಿಸಿ ನಡುವೆ ಜಾಕಿನಿಂದ ತಳ್ಳುತ್ತಾರೆ. ಅದರ ಅಚ್ಚುಗಳು ನೀರಿನ ಪೈಪಿನ ಅಳತೆಯವು. 33.7 ಮಿ.ಮೀ.ನ ಅಚ್ಚಿನಲ್ಲಿ 25.4ರ ಪೈಪನ್ನು ಇಟ್ಟು ತಳ್ಳಿದರೆ ಅದಕ್ಕೆ ಪಕ್ಕದ ಆಸರೆ ಇಲ್ಲದೆ ಚಪ್ಪಟೆಯಾಗಿ ಮುರುಟುತ್ತದೆ. ಎರಡನೆಯದು ಡ್ರಾ ಬೆಂಡರ್. ಪೈಪಿನ ತುದಿಯನ್ನು ಸರಿಯಾದ ಅಳತೆಯ ದುಂಡು ಡೈಗೆ ಕಚ್ಚಿಸಿ, ಡೈಯನ್ನೇ ತಿರುಗಿಸುತ್ತಾರೆ. ಹಿಂದಿನಿಂದ ಇನ್ನೊಂದು ಅಚ್ಚು ಪೈಪನ್ನು ಒತ್ತಿಕೊಂಡೇ ಬರುತ್ತದೆ. ತೆಳು ಪೈಪಾದರೆ ಒಳಗಡೆ ಮ್ಯಾಂಡ್ರೆಲ್ ಎಂಬ ಗುಂಡು ತುದಿಯ ಸರಳನ್ನೂ ಇಡುತ್ತಾರೆ. ಕಾರಿನ ಕಮಾನಿಗೆ ಇದೇ ಆಗಬೇಕು. ಬಗ್ಗಿಸಿದ ಮೇಲೆ ಎರಡು ದಿಕ್ಕಿನಲ್ಲಿ ವರ್ನಿಯರ್ ಹಿಡಿದು ವ್ಯಾಸ ನೋಡುತ್ತೇನೆ. ವ್ಯತ್ಯಾಸ ನೂರಕ್ಕೆ ಐದು ದಾಟಿದರೆ ಆ ತುಂಡು ಗುಜರಿಗೆ.

ಮರಳು ತುಂಬಿ ಕಾಯಿಸಿ ಬಗ್ಗಿಸುವ ಹಳೆಯ ಪದ್ಧತಿಯನ್ನು ಇಲ್ಲಿ ಕೂತಿರುವ ಹಿರಿಯರು ನೋಡಿರುತ್ತೀರಿ. ಗಾಡಿಚಕ್ರಕ್ಕೆ ಕಬ್ಬಿಣದ ಪಟ್ಟಿ ಕಾಯಿಸಿ ತೊಡಿಸುತ್ತಿದ್ದ ಕಾಲದ ಕೈಗಳಿಗೆ ಬೆಂಕಿಯ ಬಣ್ಣ ನೋಡಿಯೇ ಹದ ಗೊತ್ತಾಗುತ್ತಿತ್ತು. ಒಂದೇ ಎಚ್ಚರಿಕೆ: ಮರಳು ಚೆನ್ನಾಗಿ ಹುರಿದು ಒಣಗಿರಬೇಕು. ತೇವ ಉಳಿದ ಮರಳನ್ನು ತುಂಬಿ ಎರಡೂ ತುದಿಗೆ ಬಿರಡೆ ಬಡಿದು ಕಾಯಿಸಿದರೆ ನೀರು ಆವಿಯಾಗಿ ಬಿರಡೆ ಗುಂಡಿನ ಹಾಗೆ ಹಾರುತ್ತದೆ. ಗೇಟಿನ ಹೂಬಳ್ಳಿಗೆ ಈ ಪದ್ಧತಿ ಆಗುತ್ತದೆ. ಜೀವ ಕಾಯುವ ಕಮಾನಿಗೆ ನಾನು ಬೆಂಕಿ ಮುಟ್ಟಿಸುವುದಿಲ್ಲ.

ಲೆಕ್ಕಕ್ಕೆ ಬರೋಣ. ಒಂಬತ್ತನೇ ಕ್ಲಾಸಿನಲ್ಲಿ ಪೈ ಕಲಿಯುವಾಗ ಇದು ಯಾತಕ್ಕೆ ಅಂತ ಕೇಳುವ ಮಕ್ಕಳಿಗೆ ಈ ಮಾತು. ನಡುಗೆರೆಯ ಅಳತೆಯಲ್ಲಿ ಎತ್ತರ 1000, ಅಗಲ 700 ಮಿ.ಮೀ. ಇರುವ ಕಮಾನು ಬೇಕು. ಎರಡು ಮೂಲೆಯಲ್ಲೂ 100 ಮಿ.ಮೀ. ತ್ರಿಜ್ಯದ 90 ಡಿಗ್ರಿ ಬಾಗು. ಪೈಪು ಎಷ್ಟು ಉದ್ದ? ಸಾವಿರ, ಸಾವಿರ, ಏಳುನೂರು ಕೂಡಿಸಿ 2700 ಅಂದರೆ ತಪ್ಪು. ಬಾಗು ಮೂಲೆಯನ್ನು ಮುಟ್ಟದೆ ಒಳಗಿನಿಂದ ಹಾದುಹೋಗುತ್ತದೆ. ಎರಡು ಕಾಲುಗಳ ನೇರ ಭಾಗ 900 ಮತ್ತು 900, ಮೇಲಿನ ನೇರ ಭಾಗ 500. ಒಂದೊಂದು ಬಾಗು 100ನ್ನು ಪೈನ ಅರ್ಧದಿಂದ ಗುಣಿಸಿದಷ್ಟು, ಅಂದರೆ 157. ಒಟ್ಟು 2614. ಹಾಗೇ 2700ಕ್ಕೆ ಕತ್ತರಿಸಿ ನಡುವಿನ ನೇರ ಭಾಗಕ್ಕೆ ಗುರುತು ತಪ್ಪಾಗಿ ಹಾಕಿದರೆ ಕಮಾನು ಎಂಟೊಂಬತ್ತು ಸೆಂಟಿಮೀಟರ್ ಅಗಲವಾಗಿ, ಚಾಸಿಯ ಮೇಲೆ ಕೂರುವುದೇ ಇಲ್ಲ. ಆರು ಮೀಟರಿನ ಒಂದು ಪೈಪಿನಲ್ಲಿ ಇಂಥ ಎರಡು ಕಮಾನು ಬಂದು ಮುಕ್ಕಾಲು ಮೀಟರ್ ತುಂಡು ಉಳಿಯುತ್ತದೆ. ಆ ತುಂಡನ್ನು ಬಿಸಾಡಬೇಡಿ, ಮೊದಲು ಅದನ್ನೇ ಬಗ್ಗಿಸಿ ನೋಡಬೇಕು. ಯಾಕೆಂದರೆ ಉಕ್ಕು 90 ಡಿಗ್ರಿಗೆ ಬಗ್ಗಿಸಿ ಬಿಟ್ಟರೆ ಎರಡು ಮೂರು ಡಿಗ್ರಿ ಹಿಂದಕ್ಕೆ ಚಿಮ್ಮುತ್ತದೆ. ಎಷ್ಟು ಅನ್ನುವುದು ಆಯಾ ಪೈಪಿನ ಗುಣ. ತುಂಡಿನಲ್ಲಿ ನೋಡಿಕೊಂಡರೆ 92ಕ್ಕೆ ನಿಲ್ಲಿಸಬೇಕೋ 93ಕ್ಕೋ ಗೊತ್ತಾಗುತ್ತದೆ.

ಎರಡು ಬಾಗೂ ಒಂದೇ ಸಮತಲದಲ್ಲಿ ಇರಬೇಕು, ಇಲ್ಲದಿದ್ದರೆ ಕಮಾನು ತಿರುಚಿಕೊಳ್ಳುತ್ತದೆ. ಇದಕ್ಕೊಂದು ಸುಲಭ ಉಪಾಯ: ಪೈಪನ್ನು ಆ್ಯಂಗಲ್ ಕಬ್ಬಿಣದ ಮಡಿಲಲ್ಲಿ ಮಲಗಿಸಿ, ಆ್ಯಂಗಲ್ಲಿನ ಅಂಚಿಗೆ ತಾಗಿಸಿ ಉದ್ದಕ್ಕೂ ಗೆರೆ ಎಳೆಯಿರಿ. ದುಂಡು ಪೈಪಿನ ಮೇಲೆ ನೇರ ಗೆರೆ ಬೀಳುತ್ತದೆ. ಆ ಗೆರೆ ಎರಡೂ ಸಲ ಡೈನ ಮೇಲೆ ಒಂದೇ ಕಡೆ ಬರಬೇಕು. ಇನ್ನು ಇಡೀ ಚಾಸಿಯನ್ನು ಉಕ್ಕಿನಲ್ಲಿ ಶುರುಮಾಡುವ ಮುಂಚೆ ಕರೆಂಟ್ ವೈರಿಂಗಿನ ಪ್ಲಾಸ್ಟಿಕ್ ಪೈಪಿನಲ್ಲಿ ಒಮ್ಮೆ ಕಟ್ಟಿ, ಒಳಗೆ ಕೂತು, ಮೊಣಕೈ ಎಲ್ಲಿ ತಾಗುತ್ತದೆ, ಬೆಂಕಿ ಬಿದ್ದರೆ ಎಷ್ಟು ಹೊತ್ತಿನಲ್ಲಿ ಹೊರಗೆ ಬರಬಹುದು ಅಂತ ನೋಡುವ ತಂಡಗಳು ಇವೆ. ಅಂಥವರ ಕೆಲಸ ನನಗೆ ಖುಷಿ.

ಪೈಪಿಗೆ ಪೈಪು ಕೂಡುವಲ್ಲಿ ತುದಿಯನ್ನು ಮೀನಿನ ಬಾಯಿಯ ಹಾಗೆ ಕೊರೆದು ಕೂರಿಸಬೇಕು. ಸಂದಿ ಬಿಟ್ಟು ವೆಲ್ಡಿಂಗ್ ರಾಡಿನಿಂದ ತುಂಬುವುದು ಗೇಟಿಗೂ ಸಲ್ಲ. ಮೊದಲು ಎಲ್ಲ ಕಡೆ ಚುಕ್ಕೆ ಬೆಸುಗೆ, ಆಮೇಲೆ ಎದುರು ಬದುರು ಮೂಲೆಗಳಲ್ಲಿ ಸರದಿಯಂತೆ ಪೂರ್ತಿ ಬೆಸುಗೆ. ಒಂದೇ ಕಡೆಯಿಂದ ಬೆಸೆಯುತ್ತಾ ಹೋದರೆ ಕಾವಿಗೆ ಚಾಸಿ ಬಾಳೆಹಣ್ಣಾಗುತ್ತದೆ.

ನಾನು ಕಣ್ಣಾರೆ ನೋಡಿದ ಒಂದು ಗಾಡಿಯ ಬಗ್ಗೆ ಹೇಳಲೇಬೇಕು. ಮನೆಗಳು ಇನ್ನೂ ಎದ್ದಿರದ ಒಂದು ಲೇಔಟಿನಲ್ಲಿ ಹುಡುಗರು ತಾವೇ ಕಟ್ಟಿದ ಬಗ್ಗಿ ಓಡಿಸುತ್ತಿದ್ದರು. ಕಮಾನು ಜಿಐ ಪೈಪಿನದು, ಜಾಕ್ ಬೆಂಡರಿನಲ್ಲಿ ಬಗ್ಗಿಸಿದ್ದು, ಒಳಬಾಗಿನಲ್ಲಿ ಬೆರಳು ಹಿಡಿಯುವಷ್ಟು ಮಡಿಕೆ ಇತ್ತು. ತಿರುವಿನಲ್ಲಿ ಗಾಡಿ ಮಗುಚಿತು. ವೇಗ ಸೈಕಲ್ಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಕಮಾನು ಆ ಮಡಿಕೆಯಲ್ಲೇ ಮಡಚಿ ಹುಡುಗನ ಹೆಗಲ ಮೇಲೆ ಬಿತ್ತು. ಕೊರಳಪಟ್ಟಿಯ ಮೂಳೆ ಮುರಿಯಿತು. ನಾಲ್ಕು ಬೆರಳು ಆಚೆ ಬಿದ್ದಿದ್ದರೆ ಕತ್ತು. ಆ ಹುಡುಗ ಈಗ ಚೆನ್ನಾಗಿದ್ದಾನೆ. ಆ ಕಮಾನಿನ ತುಂಡು ನನ್ನ ಶೆಡ್ಡಿನ ಗೋಡೆಗೆ ನೇತುಹಾಕಿದೆ, ಕೇಳದವರಿಗೂ ತೋರಿಸುತ್ತೇನೆ.

ಊರಿನ ಹಿರಿಯರು ಒಂದು ಪ್ರಶ್ನೆ ಕೇಳುತ್ತಾರೆ, ಇದನ್ನೆಲ್ಲ ರಸ್ತೆಗೆ ಇಳಿಸಬಹುದಾ ಅಂತ. ಇಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ ಕಂಪನಿಯವರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಖಚಿತವಾಗಿ ಹೇಳಿತು. ಹೊಸದಾಗಿ ಕಟ್ಟಿದ ಗಾಡಿಯಾದರೆ ಸರ್ಕಾರ ಒಪ್ಪಿದ ಪರೀಕ್ಷಾ ಸಂಸ್ಥೆಯಲ್ಲಿ ಮಾದರಿ ಪಾಸಾಗಬೇಕು. ಅದು ಕಾರ್ಖಾನೆಗಳ ಶಕ್ತಿಗೆ ತಕ್ಕದ್ದು, ಮನೆಯವರಿಗಲ್ಲ. ಹಾಗಾಗಿ ಸ್ಪರ್ಧೆಯ ಟ್ರ್ಯಾಕು, ಕಾಲೇಜಿನ ಮೈದಾನ, ಸ್ವಂತ ಜಮೀನು, ಇಷ್ಟರಲ್ಲೇ ಓಡಿಸಬೇಕು. ಮಾಗಡಿ ರಸ್ತೆಗೆ ತಂದರೆ ಪೊಲೀಸಿನವರು ಹಿಡಿಯುವುದು ಸರಿಯೇ. ಹೆಲ್ಮೆಟ್ಟು, ಸೊಂಟಕ್ಕೂ ಹೆಗಲಿಗೂ ಬೆಲ್ಟು, ಪೈಪಿಗೆ ತಲೆ ಬಡಿಯದ ಹಾಗೆ ಸುತ್ತುವ ಮೆತ್ತೆ, ಇವು ಮೈದಾನದಲ್ಲೂ ಬೇಕು. ಬೆಲ್ಟಿಲ್ಲದೆ ಕಮಾನು ಎಷ್ಟು ಗಟ್ಟಿಯಿದ್ದರೂ, ಕೂತವರು ಅದರೊಳಗೇ ಎಗರಿ ಬೀಳುತ್ತಾರೆ.

ಎಂಟು, ಒಂಬತ್ತು, ಹತ್ತನೇ ತರಗತಿಯ ಮಕ್ಕಳಲ್ಲಿ ಈ ಕೆಲಸ ನೋಡಬೇಕು ಅನ್ನುವವರು ವಿಜ್ಞಾನದ ಮೇಷ್ಟ್ರ ಹತ್ತಿರ ಹೆಸರು ಕೊಡಿ. ಒಂದು ಶನಿವಾರ ಮಧ್ಯಾಹ್ನ ಶೆಡ್ಡಿಗೆ ಕರೆದುಕೊಂಡು ಬರುತ್ತಾರೆ. ಒಂದು ತುಂಡು ಪೈಪನ್ನು ನೀವೇ ತೂಗಿ, ಲೆಕ್ಕ ಹಾಕಿ, ಗುರುತು ಹಾಕಿ, ಬಗ್ಗಿಸಬಹುದು. ಹುಡುಗಿಯರೂ ಬರಬೇಕು. ಚಪ್ಪಲಿ ಬೇಡ, ಶೂ ಹಾಕಿಕೊಂಡು ಬನ್ನಿ. ಜಡೆ ಕಟ್ಟಿಕೊಳ್ಳಿ, ದುಪಟ್ಟಾ ಮನೆಯಲ್ಲೇ ಇರಲಿ. ಕನ್ನಡಕ, ಕೈಚೀಲ ನಾನು ಕೊಡುತ್ತೇನೆ. ಬರುವಾಗ ಒಂದು ನೋಟ್‌ಬುಕ್ಕು, ಪೆನ್ಸಿಲ್ಲು ತನ್ನಿ.